ಡೈನೋಸಾರ್ ಮೊಟ್ಟೆ ಮಾರಾಟದ ಸರಕಾಗಿದ್ದು ಹೇಗೆ?

ಒಂದು ಕಡೆ ಡೈನೋಸಾರ್ ಮೊಟ್ಟೆಯ ಪಳೆಯುಳಿಕೆಗಳು ರಾಜಾರೋಷವಾಗಿ ಹರಾಜಾಗುತ್ತವೆ. ಇನ್ನೊಂದು ಕಡೆ ಅಂಥದ್ದೇ ಮೊಟ್ಟೆಗಳನ್ನು ಕಸ್ಟಮ್ಸ್‌ನವರು ಪೆಟ್ಟಿಗೆ ಸಮೇತ ಹಿಡಿಯುತ್ತಾರೆ. ಎರಡೂ ಸುದ್ದಿ ಓದಿದವರಿಗೆ ಗೊಂದಲ ಆಗದೇ ಇರುತ್ತಾ? ಇದರ ಎಳೆ ಹಿಡಿಯಬೇಕೆಂದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

1923ರಲ್ಲಿ ಅಮೆರಿಕದ ಅನ್ವೇಷಕ ರಾಯ್ ಚಾಪ್‌ಮನ್ ಆಂಡ್ರೂಸ್ ತಂಡಕ್ಕೆ ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಮೊಟ್ಟೆಗಳು ಸಿಕ್ಕವು. ಮುಂದಿನ ಶೋಧಯಾತ್ರೆಗೆ ದುಡ್ಡು ಬೇಕಿತ್ತು, ಒಂದು ಮೊಟ್ಟೆಯನ್ನು ಹರಾಜಿಗಿಟ್ಟರು. ಬಂದಿದ್ದು 5,000 ಡಾಲರ್. ಅಲ್ಲಿಂದ ಸಮಸ್ಯೆ ಶುರು. ಒಂದೊಂದು ಮೊಟ್ಟೆಗೂ ಅಷ್ಟು ಬೆಲೆ ಅಂತ ಚೀನಾ, ಮಂಗೋಲಿಯಾದಲ್ಲಿ ಮಾತು ಹಬ್ಬಿತು, ಸಂಶೋಧಕರ ಮೇಲೆ ಅನುಮಾನ ಬೆಳೆಯಿತು. ಯಾತ್ರೆಗೆ ಇದಕ್ಕಿಂತ ದೊಡ್ಡ ಹೊಡೆತ ಬೀಳಲಿಲ್ಲ ಎಂದು ಆಂಡ್ರೂಸ್ ಅವರೇ ಆಮೇಲೆ ಬರೆದರು.

ನಂತರದ ಎಪ್ಪತ್ತು ವರ್ಷ ಮೊಟ್ಟೆಗಳು ಹೆಚ್ಚುಕಮ್ಮಿ ಮ್ಯೂಸಿಯಂಗಳ ಪಾಡಿಗೇ ಇದ್ದವು.

1990ರ ದಶಕದಲ್ಲಿ ಎಲ್ಲ ಬದಲಾಯಿತು. ಚೀನಾದ ಹೆನಾನ್ ಪ್ರಾಂತ್ಯದ ಶೀಶಿಯಾ ಸುತ್ತಮುತ್ತ ಕೆಂಪು ಮಣ್ಣಿನಲ್ಲಿ ಮೊಟ್ಟೆಗಳು ರಾಶಿ ರಾಶಿ ಸಿಗತೊಡಗಿದವು. ಅಗೆದ ರೈತರಿಗೆ ಅದು ಕೈಗೆ ಬಂದ ಕಾಸು. ಅಲ್ಲಿಂದ ಕೈ ಬದಲಾಯಿಸುತ್ತಾ ಅವು ಅಮೆರಿಕ, ಯುರೋಪಿನ ಪಳೆಯುಳಿಕೆ ಮೇಳಗಳನ್ನು ಸೇರಿದವು.

ಕೊಳ್ಳುವವರನ್ನು ಬೈದು ಪ್ರಯೋಜನವಿಲ್ಲ, ಆ ಸೆಳೆತ ನಿಜವಾದದ್ದು. ಮೂಳೆಯ ತುಂಡನ್ನು ಯಾರಾದರೂ ವಿವರಿಸಬೇಕು, ಮೊಟ್ಟೆಗೆ ಅದು ಬೇಕಾಗಿಲ್ಲ. ಎರಡು ಅಂಗೈಯಲ್ಲಿ ಹಿಡಿಯಬಹುದು, ಕಪ್ಪು ಚಿಪ್ಪಿನ ಸಣ್ಣ ಸಣ್ಣ ಗುಬುಟುಗಳು ಬೆರಳಿಗೆ ಸಿಗುತ್ತವೆ. ಜೊತೆಗೆ, ಒಳಗೆ ಮರಿ ಇರಬಹುದಾ ಎಂಬ ಆಸೆ. ನಿಜ ಹೇಳಬೇಕೆಂದರೆ ಬಹುಪಾಲು ಮೊಟ್ಟೆಗಳೊಳಗೆ ಕಲ್ಲಾದ ಮಣ್ಣು ಬಿಟ್ಟರೆ ಏನೂ ಇರುವುದಿಲ್ಲ. ಬೇಡಿಕೆ ಹೆಚ್ಚಿದಂತೆ ನಕಲಿಗಳೂ ಬಂದವು. ಬೇರೆ ಬೇರೆ ಮೊಟ್ಟೆಗಳ ಚಿಪ್ಪಿನ ಚೂರುಗಳನ್ನು ಒಂದು ಉಂಡೆಗೆ ಅಂಟಿಸಿದರೆ ಮುಗಿಯಿತು. ಅಸಲಿ ಮೊಟ್ಟೆ ಬಿರುಕು ಬಿಟ್ಟಿದ್ದರೂ ಮೇಲ್ಮೈಯ ವಿನ್ಯಾಸ ಒಂದು ಚೂರಿನಿಂದ ಪಕ್ಕದ ಚೂರಿಗೆ ಮುಂದುವರಿಯುತ್ತದೆ. ನಕಲಿಯಲ್ಲಿ ಅದು ಬಿರುಕಿನ ಹತ್ತಿರವೇ ತಪ್ಪಿಹೋಗುತ್ತದೆ.

ಈ ವ್ಯಾಪಾರದಿಂದ ವಿಜ್ಞಾನಕ್ಕೆ ಆದ ನಷ್ಟಕ್ಕೆ 'ಬೇಬಿ ಲೂಯಿ' ಎಂಬ ಡೈನೋಸಾರ್ ಮರಿಯ ಪಳೆಯುಳಿಕೆ ಒಳ್ಳೆಯ ಉದಾಹರಣೆ. ಹೆನಾನ್‌ನಿಂದ ಅಮೆರಿಕಕ್ಕೆ ಹೋದ ಒಂದು ಮೊಟ್ಟೆಗೂಡನ್ನು ಶುಚಿಗೊಳಿಸುವಾಗ ಈ ಮರಿಯ ಎಲುಬುಗಳು ಕಾಣಿಸಿದವು. 1996ರಲ್ಲಿ ಪತ್ರಿಕೆಯ ಮುಖಪುಟಕ್ಕೂ ಬಂತು. ಆದರೆ ಅದು ದೇಶದಿಂದ ಹೊರಬಂದ ರೀತಿಯೇ ಪ್ರಶ್ನೆಯಾಗಿದ್ದರಿಂದ ವೈಜ್ಞಾನಿಕ ಹೆಸರಿಡುವ ಅಧ್ಯಯನ ವರ್ಷಗಟ್ಟಲೆ ಬಾಕಿ ಉಳಿಯಿತು. 2013ರಲ್ಲಿ ಚೀನಾಕ್ಕೆ ಮರಳಿತು, 2017ರಲ್ಲಿ 'ಬೇಬೇಲಾಂಗ್' ಎಂಬ ಹೆಸರು ಸಿಕ್ಕಿತು. ಮಣ್ಣಿನಿಂದ ಹೊರಬಂದು ಹೆಚ್ಚುಕಡಿಮೆ ಕಾಲು ಶತಮಾನ ಆಗಿತ್ತು!

ಅದಕ್ಕಾದರೂ ಕೊನೆಗೆ ವಿಳಾಸ ಸಿಕ್ಕಿತು. ಒಂಟಿಯಾಗಿ ಮಾರಾಟವಾದ ಮೊಟ್ಟೆಗಳಿಗೆ ಅದೂ ಇಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಮೊಟ್ಟೆಗಳು ಇದ್ದ ಜಾಗದಲ್ಲೇ ಉಳಿದಿದ್ದರಿಂದ 92 ಗೂಡು, 256 ಮೊಟ್ಟೆಗಳ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಅದರ ಹಿಂದಿನ ವರ್ಷ, ಅಲ್ಲಿನ 10 ಮೊಟ್ಟೆಗಳ ಒಂದು ಗೂಡಿನಲ್ಲಿ ಮೊಟ್ಟೆಯೊಳಗೆ ಇನ್ನೊಂದು ಮೊಟ್ಟೆ ಇದ್ದದ್ದು ವರದಿಯಾಗಿತ್ತು. ಹಕ್ಕಿಗಳಲ್ಲಿ ಕಾಣುವ ಈ ಲಕ್ಷಣ ಡೈನೋಸಾರ್‌ಗಳಲ್ಲಿ ಸಿಕ್ಕಿದ್ದು ಅದೇ ಮೊದಲು. ಆ ಗೂಡು ಚದುರಿ ಹತ್ತು ಮನೆಗಳ ಕಪಾಟು ಸೇರಿದ್ದರೆ?

ಕಾನೂನುಗಳು ಬಂದಿವೆ, ತಡವಾಗಿ. ಅರ್ಜೆಂಟೀನಾ 2003ರಲ್ಲಿ ಬಿಗಿ ಮಾಡಿತು. ಚೀನಾ ಪಳೆಯುಳಿಕೆಗಳಿಗೆಂದೇ ಪ್ರತ್ಯೇಕ ನಿಯಮವನ್ನು 2011ರಲ್ಲಿ ಜಾರಿಗೆ ತಂದಿತು. ಸಾಂಸ್ಕೃತಿಕ ಸೊತ್ತಿನ ಅಕ್ರಮ ಸಾಗಣೆ ತಡೆಯುವ 1970ರ ಯುನೆಸ್ಕೋ ಒಪ್ಪಂದದಲ್ಲೂ ಪಳೆಯುಳಿಕೆಗಳ ಮಾತಿದೆ, ಆದರೆ ಅದನ್ನು ಜಾರಿ ಮಾಡುವುದು ಆಯಾ ದೇಶಕ್ಕೆ ಬಿಟ್ಟಿದ್ದು. ಅಮೆರಿಕದಲ್ಲಿ ಖಾಸಗಿ ಜಮೀನಿನಲ್ಲಿ ಸಿಕ್ಕ ಪಳೆಯುಳಿಕೆಯನ್ನು ಮಾಲೀಕರು ಮಾರಬಹುದು, ಚೀನಾದಲ್ಲಿ ಅದು ಸರ್ಕಾರದ ಸೊತ್ತು. ಹಾಗಾಗಿ ಈಗ ಮಾರಾಟಕ್ಕೆ ಬರುವ ಎಷ್ಟೋ ಮೊಟ್ಟೆಗಳ ಜೊತೆ 'ಹಳೆಯ ಸಂಗ್ರಹದಿಂದ' ಎಂಬ ಸಾಲು ಇರುತ್ತದೆ, ಅಂದರೆ ಕಾನೂನು ಬರುವ ಮೊದಲೇ ಹೊರಬಂದದ್ದು ಎಂಬ ಅರ್ಥದಲ್ಲಿ. ಯಾವ ಗುಂಡಿಯಿಂದ, ಯಾವ ಪದರದಿಂದ ಬಂತು, ಪಕ್ಕದಲ್ಲಿ ಇನ್ನೆಷ್ಟು ಮೊಟ್ಟೆಗಳಿದ್ದವು ಎಂದು ಕೇಳಿದರೆ ಅದಕ್ಕೆ ಉತ್ತರ ಸಿಗುವುದು ಅಪರೂಪ.