ಪದ ಪರಿಚಯ: ಕೊಳ್ಳಿದೆವ್ವ

ಕೊಡಗಿನಲ್ಲಿ ಗದ್ದೆಗಳಿರುವುದು ತಗ್ಗಿನಲ್ಲಿ. ಏರಿನಲ್ಲಿ ಮನೆ, ಕಾಫಿ ತೋಟ. ಕೆಳಗೆ ನೀರು ನಿಂತ ಬಯಲು. ಕತ್ತಲಾದ ಮೇಲೆ ಜಗಲಿಯಲ್ಲಿ ಕೂತು ಆ ತಗ್ಗಿನ ಕಡೆ ನೋಡಿದ ಹಿರಿಯರು ಹೇಳುವ ಕಥೆ ಹೆಚ್ಚುಕಮ್ಮಿ ಒಂದೇ. ದೂರದಲ್ಲಿ ಒಂದು ಸಣ್ಣ ಬೆಳಕು. ಯಾರೋ ಕೊಳ್ಳಿ ಹಿಡಿದು ಗದ್ದೆ ಬದುವಿನ ಮೇಲೆ ಹೋಗುತ್ತಿರುವ ಹಾಗೆ. ಕೂಗಿದರೆ ಉತ್ತರವಿಲ್ಲ, ಹತ್ತಿರ ಹೋದರೆ ಬೆಳಕಿಲ್ಲ. ಇದಕ್ಕೆ ಕನ್ನಡದಲ್ಲಿರುವ ಹೆಸರು ಕೊಳ್ಳಿದೆವ್ವ.

ಕೊಳ್ಳಿ ಅಂದರೆ ತುದಿ ಹತ್ತಿ ಉರಿಯುವ ಸೌದೆ. ಟಾರ್ಚ್ ಇಲ್ಲದ ಕಾಲದಲ್ಲಿ ರಾತ್ರಿ ಪಕ್ಕದ ಮನೆಗೆ ಹೋಗಬೇಕಾದರೆ ಒಲೆಯಿಂದ ಒಂದು ಕೊಳ್ಳಿ ಎಳೆದುಕೊಂಡು ಹೊರಡುತ್ತಿದ್ದರು. ಕೆಂಡ ಆರದಿರಲಿ ಅಂತ ಅದನ್ನು ಬೀಸುತ್ತಾ ನಡೆಯುತ್ತಿದ್ದರು. ದೂರದಿಂದ ನೋಡುವವರಿಗೆ ಮನುಷ್ಯ ಕಾಣುವುದಿಲ್ಲ, ತೂಗಾಡುವ ಬೆಳಕು ಮಾತ್ರ ಕಾಣುತ್ತದೆ. ಕೊಡಗಿನಲ್ಲಿ ಸಣ್ಣ ತೊರೆಗೆ ಕೊಲ್ಲಿ ಅನ್ನುತ್ತೇವೆ. ಅದು ಬೇರೆ ಪದ, ಲಕಾರ ಬೇರೆ. ಆದರೂ ಕೊಳ್ಳಿದೆವ್ವದ ಕಥೆಯಲ್ಲಿ ಆಗಾಗ ಒಂದು ಕೊಲ್ಲಿ ಬರುತ್ತದೆ, ಯಾಕೆಂದರೆ ಈ ಬೆಳಕು ಕಂಡಿದ್ದೆಲ್ಲ ಜಾಸ್ತಿ ನೀರಿನ ಪಕ್ಕದಲ್ಲೇ.

ದೆವ್ವ ಅನ್ನುವುದು ದೈವ ಪದದಿಂದ ಬಂದದ್ದು. ತುಳುನಾಡಿನಲ್ಲಿ ದೈವ ಈಗಲೂ ಕೈಮುಗಿಸಿಕೊಳ್ಳುತ್ತದೆ, ಕನ್ನಡದ ದೆವ್ವ ಮಾತ್ರ ಹೆದರಿಸುವ ಕೆಲಸಕ್ಕೆ ಇಳಿದಿದೆ. ತಮಿಳಿನಲ್ಲಿ ಇದೇ ಬೆಳಕಿಗೆ ಕೊಳ್ಳಿವಾಯ್ ಪೇಯ್ ಅನ್ನುತ್ತಾರೆ, ಅಂದರೆ ಬಾಯಲ್ಲಿ ಕೊಳ್ಳಿ ಇರುವ ಪಿಶಾಚಿ. ಬಂಗಾಳದಲ್ಲಿ ಆಲೇಯಾ, ಕಚ್‌ನಲ್ಲಿ ಚೀರ್ ಬತ್ತಿ. ಇಷ್ಟು ದೂರದೂರದ ಜನ ಸುಮ್ನೆ ಒಂದೇ ಸುಳ್ಳು ಹೇಳುವುದಿಲ್ಲ ಅಲ್ವಾ?

ನನಗೆ ಈ ಪದ ಇಷ್ಟವಾಗುವುದೇ ಅದು ಎರಡು ತುಂಡಾಗುತ್ತದೆ ಅಂತ. ಕೊಳ್ಳಿ ಅನ್ನುವುದು ಕಣ್ಣಿಗೆ ಕಂಡದ್ದು. ದೆವ್ವ ಅನ್ನುವುದು ಆಮೇಲೆ ಮನಸ್ಸು ಕೊಟ್ಟ ಕಾರಣ. ನಂಬುವವರು ಎರಡನ್ನೂ ಒಟ್ಟಿಗೆ ಒಪ್ಪುತ್ತಾರೆ. ನಂಬದವರು ಎರಡನ್ನೂ ಒಟ್ಟಿಗೆ ಬಿಸಾಡುತ್ತಾರೆ, "ಏನೂ ಇರಲಿಲ್ಲ, ನಿಮಗೆ ಭ್ರಮೆ" ಅಂದುಬಿಡುತ್ತಾರೆ. ಈ ಎರಡನೆಯ ತಪ್ಪೂ ಸಣ್ಣದಲ್ಲ. ಕಣ್ಣಾರೆ ಕಂಡವರಿಗೆ ಭ್ರಮೆ ಅಂದರೆ ಅವರು ಮುಂದೆ ನಿಮ್ಮ ಹತ್ತಿರ ಮಾತೇ ಆಡುವುದಿಲ್ಲ.

ಮೊದಲು ಕೊಳ್ಳಿಯ ವಿಚಾರ. ನೀರು ನಿಂತ ಕೆಸರಿನಲ್ಲಿ ಎಲೆ, ಹುಲ್ಲು, ಬೇರು ಗಾಳಿ ಸಿಗದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ನಮ್ಮ ಭತ್ತದ ಗದ್ದೆಯಲ್ಲೂ ಹುಟ್ಟುತ್ತದೆ, ನಾಗರಹೊಳೆ ಕಾಡಿನೊಳಗಿನ ಹಡ್ಲುಗಳಂಥ ಜೌಗಿನಲ್ಲೂ ಹುಟ್ಟುತ್ತದೆ. 1776ರಲ್ಲಿ ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ ಮಜ್ಜೋರೆ ಸರೋವರದ ಕೆಸರು ಕಲಕಿ, ಮೇಲೆ ಬಂದ ಗುಳ್ಳೆಗಳನ್ನು ಹಿಡಿದು ಪರೀಕ್ಷೆ ಮಾಡಿದ್ದು ಇದನ್ನೇ. ಕಾಲೇಜಿನಲ್ಲಿದ್ದಾಗ ನಾನೂ ನಮ್ಮ ಗದ್ದೆಯ ಮೂಲೆಯಲ್ಲಿ ಅದನ್ನು ಮಾಡಿ ನೋಡಿದೆ. ಬಾಟಲಿಗೆ ನೀರು ತುಂಬಿ, ನೀರಿನಲ್ಲೇ ಬೋರಲು ಹಿಡಿದು, ಬಾಯಿಗೆ ಆಲಿಕೆ ಸಿಕ್ಕಿಸಿ, ಕೋಲಿನಿಂದ ಕೆಸರು ಕುಕ್ಕಿದೆ. ಗುಳ್ಳೆಗಳು ಬುಳುಬುಳು ಅಂತ ಏರಿ ಬಾಟಲಿಯ ನೀರನ್ನು ಕೆಳಗೆ ತಳ್ಳಿದವು. ಸಂಜೆ ಅಜ್ಜನನ್ನು ಕರೆದು, ಬಾಯಿ ತೆಗೆದು ಕಡ್ಡಿ ಗೀರಿದೆ. ಒಂದು ಕ್ಷಣ ನೀಲಿ ಉರಿ ಬಂತು, ಕಣ್ಣಿಗೆ ಕಂಡೂ ಕಾಣದ ಹಾಗೆ.

ಅಜ್ಜ ಕೊಳ್ಳಿದೆವ್ವ ಕಂಡವರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಇಲ್ಲಿ ಕಡ್ಡಿ ಗೀರಿದ್ದು ನೀನು. ಅಲ್ಲಿ ಗೀರಿದ್ದು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೀಥೇನ್ ತಾನಾಗಿ ಹೊತ್ತಿಕೊಳ್ಳಬೇಕಾದರೆ 500 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಗದ್ದೆಯಲ್ಲಿ ಅದು ಎಲ್ಲಿಂದ ಬರಬೇಕು? ಡೈಫಾಸ್ಫೇನ್ ಅನ್ನುವ ರಂಜಕದ (ಫಾಸ್ಫರಸ್) ಆವಿ ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುತ್ತದೆ, ಅದೇ ಕಿಡಿ ಹಚ್ಚಿರಬಹುದು ಅನ್ನುವುದು ಹಳೆಯ ವಿವರಣೆ. ಆದರೆ ರಂಜಕದ ಆವಿ ಉರಿದರೆ ಬಿಳಿ ಹೊಗೆ ಬರಬೇಕು. ಕಂಡವರಲ್ಲಿ ಹಲವರು ಹೇಳುವುದು ಬಿಸಿಯಿಲ್ಲದ, ಹೊಗೆಯಿಲ್ಲದ ಬೆಳಕು. ನ್ಯೂಟನ್ ಕೂಡ ಇದನ್ನು ಬಿಸಿಯಿಲ್ಲದೆ ಹೊಳೆಯುವ ಆವಿ ಅಂತಲೇ ಎಣಿಸಿದ್ದ. ಅಂದರೆ ಅಜ್ಜನ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತ್ತು. ಸಂದೇಹ ಪಡುವುದು ಅಂದರೆ ಇದೇ. ಅದು ದೆವ್ವದ ಕಥೆಗೂ ಬೇಕು, ನನ್ನ ಬಾಟಲಿಗೂ ಬೇಕು.

ಎಲ್ಲ ಕೊಳ್ಳಿಯೂ ಒಂದೇ ಆಗಿರಬೇಕಾಗಿಲ್ಲ. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಕೊಳೆತ ಮರದ ಮೇಲೆ ರಾತ್ರಿ ಹಸಿರಾಗಿ ಹೊಳೆಯುವ ಅಣಬೆಗಳಿವೆ. ಮಳೆಗೆ ಮುಂಚೆ ಮಿಂಚುಹುಳಗಳ ಸಾಲೂ ಇದೆ. ಇನ್ನು ನಮ್ಮ ಕಣ್ಣಿನ ಕರಾಮತ್ತು ಬೇರೆ. ಮಂದ ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಹಾಗಾಗಿ ಓರೆಗಣ್ಣಿಗೆ ಕಂಡ ಬೆಳಕು ನೆಟ್ಟಗೆ ನೋಡಿದ ಕೂಡಲೇ ಮಾಯವಾಗುತ್ತದೆ. ಮನೆಯಲ್ಲೇ ಇನ್ನೊಂದು ನೋಡಬಹುದು. ಪೂರ್ತಿ ಕತ್ತಲೆಯ ಕೋಣೆಯಲ್ಲಿ ಒಂದು ಊದುಬತ್ತಿ ಹಚ್ಚಿಟ್ಟು, ದೂರ ಕೂತು, ಆ ಕೆಂಪು ಚುಕ್ಕೆಯನ್ನೇ ದಿಟ್ಟಿಸಿ. ಸ್ವಲ್ಪ ಹೊತ್ತಿಗೆ ಅದು ಮೆಲ್ಲಗೆ ಆಚೀಚೆ ಸರಿಯಲು ಶುರುಮಾಡುತ್ತದೆ. ಊದುಬತ್ತಿ ಇದ್ದಲ್ಲೇ ಇದೆ. ಸುತ್ತ ಹೋಲಿಸಿ ನೋಡಲು ಬೇರೇನೂ ಇಲ್ಲದಿದ್ದರೆ ಕಣ್ಣಿಗೆ ನಿಂತದ್ದು ಯಾವುದು, ನಡೆಯುವುದು ಯಾವುದು ಅಂತ ಗೊತ್ತಾಗುವುದಿಲ್ಲ.

ಇನ್ನು ದೆವ್ವದ ವಿಚಾರ. ಕೊಳ್ಳಿದೆವ್ವ ಕಂಡವನಿಗೆ ಜ್ವರ ಬರುತ್ತದೆ ಅನ್ನುವ ಮಾತಿದೆ. ಇದನ್ನೂ ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಮಳೆಗಾಲದ ರಾತ್ರಿ ಕಾಡುಹಂದಿ ಬರದಂತೆ ಕಾಯಲು ಬರಿಗಾಲಲ್ಲಿ ಗದ್ದೆಗೆ ಇಳಿಯುವವನಿಗೆ ಇಲಿ ಜ್ವರ ತಾಗಬಹುದು. ಇಲಿಯ ಉಚ್ಚೆ ಬೆರೆತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಅದು ಒಳಗೆ ಹೋಗುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನಕ್ಕೆ ಜ್ವರ ಕಾಣಿಸಿಕೊಳ್ಳುತ್ತದೆ. ಬೆಳಕು ಕಂಡದ್ದು ನಿಜ, ಜ್ವರ ಬಂದದ್ದೂ ನಿಜ, ನಡುವೆ ಹಾಕಿದ ಗಂಟು ಮಾತ್ರ ತಪ್ಪು. ಆ ಗಂಟಿಗೆ ತೆರುವ ಬೆಲೆ ಜಾಸ್ತಿ. ತಾಯತ ಕಟ್ಟಿಸಿಕೊಂಡು ನಾಲ್ಕು ದಿನ ಕಾದರೆ ಕಿಡ್ನಿಗೇ ಪೆಟ್ಟು ಬೀಳಬಹುದು. ಬೇಗ ಆಸ್ಪತ್ರೆಗೆ ಹೋದರೆ ಮಾತ್ರೆಯಲ್ಲೇ ವಾಸಿಯಾಗುವ ಕಾಯಿಲೆ ಇದು.

ಹಾಗಂತ ಕೊಡಗಿನ ಎಲ್ಲ ನಂಬಿಕೆಯನ್ನೂ ಬಾಟಲಿಗೆ ಹಿಡಿದು ಕಡ್ಡಿ ಗೀರಬೇಕಾಗಿಲ್ಲ. ಕೈಮಡದಲ್ಲಿ, ಅಂದರೆ ಹಿರಿಯರ ಗುಡಿಯಲ್ಲಿ, ದೀಪ ಇಡುವುದು, ಮನೆತನದ ಮೂಲಪುರುಷ ಗುರುಕಾರೋಣನಿಗೆ ಮೀದಿ (ಎಡೆ) ಇಡುವುದು ನೆನಪಿನ, ಗೌರವದ ಮಾತು. ಅಲ್ಲಿ ಯಾರೂ "ಹೋಗಿ ನೋಡು, ಇದೆ" ಅಂತ ಪಂಥ ಕಟ್ಟುವುದಿಲ್ಲ. ಕೊಳ್ಳಿದೆವ್ವ ಹಾಗಲ್ಲ. ಅದು ಇಂಥ ಗದ್ದೆಯಲ್ಲಿ, ಇಂಥ ಹೊತ್ತಿನಲ್ಲಿ ಇತ್ತು ಅಂತ ಹೇಳುತ್ತೇವೆ. ಹಾಗೆ ಹೇಳಿದ್ದನ್ನು ಹೋಗಿ ನೋಡಬಹುದು, ನೋಡಬೇಕು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ಮಾಡಿದ್ದು ಇಂಥ, ಪರೀಕ್ಷೆಗೆ ಸಿಗುವ ಮಾತುಗಳಿಗಾಗಿ.

ಈಗ ಕೊಳ್ಳಿದೆವ್ವದ ಸುದ್ದಿ ಕಡಿಮೆ. ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಕೆಲವಕ್ಕೆ ಮಣ್ಣು ತುಂಬಿದೆ. ದಾರಿದೀಪ ಬಂದಿದೆ, ಕೈಯಲ್ಲಿ ಮೊಬೈಲ್ ಇದೆ. ಕಂಡವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅದಕ್ಕೇ ಅಜ್ಜ ಇರುವಾಗಲೇ ಒಂದು ದಿನ ಕೂತು ಕೇಳಿದೆ: ಅಜ್ಜ, ನೀವು ಕಂಡದ್ದು ಯಾವ ಬಣ್ಣ? ಅವರು ನನ್ನ ಮುಖವನ್ನೇ ನೋಡಿದರು. ನಂಬಿದವರು ಯಾರ ದೆವ್ವ ಅಂತ ಕೇಳಿದ್ದರಂತೆ, ನಂಬದವರು ನಕ್ಕಿದ್ದರಂತೆ. ಬಣ್ಣ ಯಾರೂ ಕೇಳಿರಲಿಲ್ಲ.

"ಹಸಿರು" ಅಂದರು. "ಮೊಣಕಾಲೆತ್ತರ. ಹೊಗೆ ಇರಲಿಲ್ಲ. ಕೊಲ್ಲಿ ಪಕ್ಕ ಒಂದು ಹಲಸಿನ ಮರ ಬಿದ್ದಿತ್ತಲ್ಲ, ಅದರ ಬುಡದಲ್ಲಿ."

"ನಡೆಯಿತು ಅಂತ ಹೇಳ್ತಿದ್ರಲ್ಲ ಅಜ್ಜ?"

ಅವರು ಕಣ್ಣು ಮುಚ್ಚಿ ತುಂಬಾ ಹೊತ್ತು ಯೋಚಿಸಿದರು.

"ನಡೆದ ಹಾಗೆ ಕಂಡಿತು" ಅಂದರು.