ಸೊಪ್ಪಿನಲ್ಲಿ ಬಿ12 ಇಲ್ಲ, ದಯವಿಟ್ಟು ನಂಬಿ

ರಕ್ತಪರೀಕ್ಷೆಯ ರಿಪೋರ್ಟ್ ನೋಡಿ ‘ವಿಟಮಿನ್ ಬಿ12 ಕಡಿಮೆ ಇದೆ’ ಅಂದ ತಕ್ಷಣ ಬರುವ ಉತ್ತರ ಒಂದೇ: ‘ಏನ್ ಡಾಕ್ಟ್ರೇ, ನಮ್ಮನೇಲಿ ದಿನಾ ಸೊಪ್ಪಿನ ಸಾರೇ!’ ಇನ್ನು ಕೆಲವರು ‘ನಾಳೆಯಿಂದ ನುಗ್ಗೆಸೊಪ್ಪು ಜಾಸ್ತಿ ತಿಂತೀನಿ, ಮಾತ್ರೆ ಬೇಡ’ ಎಂದು ತಮ್ಮ ಚಿಕಿತ್ಸೆ ತಾವೇ ಮುಗಿಸಿಕೊಂಡು ಎದ್ದುಬಿಡುತ್ತಾರೆ.

ಸೊಪ್ಪು ತಿನ್ನಿ, ಧಾರಾಳವಾಗಿ ತಿನ್ನಿ. ಸಸ್ಯಾಹಾರದಿಂದ ಹೃದಯಕ್ಕೆ, ಕರುಳಿಗೆ ಆಗುವ ಉಪಕಾರ ನಿಮಗೆ ಗೊತ್ತೇ ಇದೆ. ಆದರೆ ಬಿ12 ಅನ್ನು ಯಾವ ಗಿಡವೂ ತಯಾರಿಸುವುದಿಲ್ಲ. ನುಗ್ಗೆಯಲ್ಲೂ ಇಲ್ಲ, ಪಾಲಕ್‌ನಲ್ಲೂ ಇಲ್ಲ, ಬೀಟ್‌ರೂಟ್‌ನಲ್ಲಂತೂ ಇಲ್ಲವೇ ಇಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ. ಹಸು, ಎಮ್ಮೆ ಹೊಟ್ಟೆಯಲ್ಲಿ ಆ ಕೆಲಸ ನಡೆದು ಹಾಲಿಗೆ ಬರುತ್ತದೆ. ನಮ್ಮ ದೊಡ್ಡ ಕರುಳಿನಲ್ಲೂ ತಯಾರಾಗುತ್ತದೆ, ನಿಜ. ಆದರೆ ಅದನ್ನು ಹೀರಿಕೊಳ್ಳುವ ಜಾಗ ಸಣ್ಣ ಕರುಳಿನ ಕೊನೆ, ಅದು ಆಗಲೇ ಹಿಂದೆ ಉಳಿದಿರುತ್ತದೆ. ಸ್ಪಿರುಲಿನಾ (ಪಾಚಿಯಂಥ ವಸ್ತುವಿನ ಪುಡಿ, ಮಾತ್ರೆ) ಬಗ್ಗೆ ಕೇಳುವವರಿಗೂ ಹೇಳಿಬಿಡುತ್ತೇನೆ: ಅದರಲ್ಲಿರುವುದು ಬಹುಪಾಲು ಬಿ12 ಥರ ಕಾಣುವ ಬೇರೆ ವಸ್ತು, ದೇಹಕ್ಕೆ ದಕ್ಕುವುದಿಲ್ಲ.

ಸೊಪ್ಪಿನಲ್ಲಿ ಇರುವುದು ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್. ತೊಡಕು ಇಲ್ಲೇ. ಫೋಲೇಟ್ ಚೆನ್ನಾಗಿದ್ದರೆ ಬಿ12 ಕೊರತೆಯ ರಕ್ತಹೀನತೆ ಕಾಣದೇ ಹೋಗಬಹುದು. ಹಿಮೋಗ್ಲೋಬಿನ್ ಸರಿಯಿದೆ ಅಂತ ನೀವು ಸುಮ್ನೆ ಇರುತ್ತೀರಿ, ಒಳಗೆ ನರ ಹಾಳಾಗುತ್ತಿರುತ್ತದೆ.

ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ದೂರು ಕೇಳಿದರೆ ‘ಕಾಲು ಜೋಮು, ವಯಸ್ಸಾಯ್ತಲ್ಲ’ ಅಂದರು. ಪಕ್ಕದಲ್ಲಿದ್ದ ಅವರ ಹೆಂಡತಿ ಬಿಡಲಿಲ್ಲ: ‘ಇವರಿಗೆ ಕಾಲಿಂದ ಚಪ್ಪಲಿ ಜಾರಿಹೋದರೂ ಗೊತ್ತಾಗಲ್ಲ ಡಾಕ್ಟ್ರೇ. ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಓಲಾಡ್ತಾರೆ, ನಾನು ಹಿಡ್ಕೋಬೇಕು.’ ಆಕೆ ಅರ್ಧ ರೋಗನಿರ್ಣಯ ಮಾಡಿಯೇ ಬಿಟ್ಟಿದ್ದರು! ನರ ಪರೀಕ್ಷಿಸಲು ಟ್ಯೂನಿಂಗ್ ಫೋರ್ಕ್ ಎಂಬ ಕಂಪಿಸುವ ಲೋಹದ ಕವೆಯನ್ನು ಕಾಲಿನ ಗಿಣ್ಣಿಗೆ ಇಟ್ಟರೆ ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ. ಹಿಮೋಗ್ಲೋಬಿನ್ ಮಾತ್ರ ಚೆನ್ನಾಗಿತ್ತು.

‘ಹಾಲು ಮೊಸರು ತಗೋತೀವಲ್ಲ’ ಅನ್ನುತ್ತೀರಿ. ದೊಡ್ಡವರಿಗೆ ದಿನಕ್ಕೆ 2ರಿಂದ 2.5 ಮೈಕ್ರೋಗ್ರಾಂ ಬೇಕು. 200 ಮಿಲಿ ಹಾಲಿನಲ್ಲಿ ಸಿಗುವುದು ಹೆಚ್ಚುಕಡಿಮೆ 1. ಎರಡು ಲೋಟ ಕಾಫಿಗೆ ಬೀಳುವ ಹಾಲು, ಊಟದ ಕೊನೆಗೆ ನೀರುಮಜ್ಜಿಗೆ: ನೀವೇ ಲೆಕ್ಕ ಹಾಕಿ. ಹಾಲನ್ನೂ ಬಿಟ್ಟ ವೀಗನ್ ಹುಡುಗರು ‘ಎರಡು ವರ್ಷ ಆಯ್ತು, ಏನೂ ಆಗಿಲ್ಲ’ ಅನ್ನುತ್ತಾರೆ. ಲಿವರ್‌ನಲ್ಲಿರುವ ದಾಸ್ತಾನು ಕೆಲವು ವರ್ಷ ನಡೆಸುತ್ತದೆ, ಅದಕ್ಕೇ ಏನೂ ಆಗಿಲ್ಲ. ಬಾದಾಮಿ ಹಾಲು, ಸೋಯಾ ಹಾಲು ಕೊಳ್ಳುವವರು ಪ್ಯಾಕೆಟ್ ಹಿಂದೆ ಓದಿ, ಬಿ12 ಸೇರಿಸಿದ್ದರೆ ಮಾತ್ರ ಇರುತ್ತದೆ.

ಜೋಮು ಎಲ್ಲ ಬಿ12ದೇ ಅಲ್ಲ, ಸಕ್ಕರೆ ಕಾಯಿಲೆಯಲ್ಲೂ ಬರುತ್ತದೆ. ಸಾಲದ್ದಕ್ಕೆ ಅದಕ್ಕೆ ಕೊಡುವ ಮೆಟ್‌ಫಾರ್ಮಿನ್, ವರ್ಷಗಟ್ಟಲೆ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ, ಎರಡೂ ಬಿ12 ಹೀರಿಕೆಗೆ ಅಡ್ಡಿ. ಮಾತ್ರೆ ಸಾಕೋ ಇಂಜೆಕ್ಷನ್ ಬೇಕೋ ಎಂಬುದು ರಕ್ತಪರೀಕ್ಷೆ, ಕಾರಣ ನೋಡಿ ತೀರ್ಮಾನಿಸುವ ವಿಷಯ. ಅಂಗಡಿಯಿಂದ ಬರೀ ಫೋಲಿಕ್ ಆಸಿಡ್ (ಫೋಲೇಟ್‌ನ ಮಾತ್ರೆ ರೂಪ) ತಂದು ಶುರು ಮಾಡಬೇಡಿ.

ಮೇಷ್ಟ್ರು ಚೀಟಿ ತಗೊಂಡು ಮೆಲ್ಲಗೆ ಕೇಳಿದರು: ‘ಇದು ಮಾಂಸದಿಂದ ಮಾಡಿದ್ದಾ?’ ಅಲ್ಲ. ಕಾರ್ಖಾನೆಯಲ್ಲೂ ಬ್ಯಾಕ್ಟೀರಿಯಾದಿಂದಲೇ ತಯಾರಿಸುತ್ತಾರೆ. ಕ್ಯಾಪ್ಸೂಲ್ ಹೊದಿಕೆ ಮಾತ್ರ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರಬಹುದು. ಅನುಮಾನ ಇದ್ದವರು ಗಟ್ಟಿ ಮಾತ್ರೆಯನ್ನೇ ಕೇಳಿ ತಗೊಳ್ಳಿ.