ಡಿಮೆನ್ಷಿಯಾ ಆರೈಕೆಯಲ್ಲಿ ‘ಸಮುದಾಯ ಬೆಂಬಲ’ ಎಂದರೇನು?

ಡಿಮೆನ್ಷಿಯಾ ಕುರಿತ ಆರೋಗ್ಯ ವರದಿಗಳಲ್ಲಿಯೂ ಸಂಘಸಂಸ್ಥೆಗಳ ಕೈಪಿಡಿಗಳಲ್ಲಿಯೂ ‘ಸಮುದಾಯ ಬೆಂಬಲ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಹಲವರು ಇದನ್ನು ನೆರೆಹೊರೆಯವರ ಅನುಕಂಪ ಎಂದೋ ದಾನಿಗಳ ನೆರವು ಎಂದೋ ಅರ್ಥ ಮಾಡಿಕೊಳ್ಳುತ್ತಾರೆ. ಪರಿಕಲ್ಪನೆ ಅದಕ್ಕಿಂತ ಖಚಿತವಾದುದು. ಡಿಮೆನ್ಷಿಯಾ ಇರುವ ವ್ಯಕ್ತಿ ತನ್ನ ಮನೆಯಲ್ಲಿ, ಪರಿಚಿತರ ನಡುವೆ, ಸಾಧ್ಯವಾದಷ್ಟು ಕಾಲ ಘನತೆಯಿಂದ ಬದುಕುವಂತಾಗಲು, ಹಾಗೆಯೇ ಅವರನ್ನು ನೋಡಿಕೊಳ್ಳುವ ಕುಟುಂಬದವರು ಕುಸಿದುಹೋಗದಿರಲು, ಆಸ್ಪತ್ರೆಯ ಗೋಡೆಗಳಾಚೆ ಇರಬೇಕಾದ ಏರ್ಪಾಡುಗಳ ಒಟ್ಟು ಹೆಸರು ಅದು. ಇಲ್ಲಿ ನೆರವು ಬೇಕಾದವರು ಒಬ್ಬರಲ್ಲ, ಇಬ್ಬರು. ಒಬ್ಬರನ್ನಷ್ಟೇ ಗಮನದಲ್ಲಿಟ್ಟುಕೊಂಡ ಯೋಜನೆ ಆ ಒಬ್ಬರಿಗೂ ಪೂರ್ತಿಯಾಗಿ ಒದಗುವುದಿಲ್ಲ.

ಡಿಮೆನ್ಷಿಯಾ ಒಂದೇ ಕಾಯಿಲೆಯ ಹೆಸರಲ್ಲ. ಮಿದುಳಿನ ಕೋಶಗಳಿಗೆ ಹಾನಿಯಾಗಿ ನೆನಪು, ಆಲೋಚನೆ, ಮಾತು, ದಿಕ್ಕು ಮತ್ತು ಕಾಲದ ಅರಿವು, ನಿರ್ಧಾರ ತೆಗೆದುಕೊಳ್ಳುವ ಶಕ್ತಿ ಇವೆಲ್ಲ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟರ ಮಟ್ಟಿಗೆ ಕುಗ್ಗುತ್ತಾ ಹೋಗುವ ಸ್ಥಿತಿಯನ್ನು ಹಾಗೆ ಕರೆಯುತ್ತಾರೆ. ಶೇ 60ರಿಂದ 70ರಷ್ಟು ಪ್ರಕರಣಗಳಲ್ಲಿ ಆಲ್‌ಝೈಮರ್ ಕಾಯಿಲೆಯ ಪಾತ್ರವಿರುತ್ತದೆ; ಮಿದುಳಿನ ರಕ್ತನಾಳಗಳ ತೊಂದರೆಯೂ ಇನ್ನೂ ಕೆಲವು ಕಾಯಿಲೆಗಳೂ ಇದಕ್ಕೆ ಕಾರಣವಾಗುತ್ತವೆ. ವಯಸ್ಸಾದಂತೆ ಸಂಭವ ಹೆಚ್ಚುತ್ತದೆ ಎಂಬುದು ನಿಜವಾದರೂ ಇದು ಮುಪ್ಪಿನ ಸಹಜ ಭಾಗವಲ್ಲ. ‘ಅರಳುಮರಳು’ ಎಂದು ಸುಮ್ಮನಾಗುವುದರಿಂದ ರೋಗನಿರ್ಣಯ ತಡವಾಗುತ್ತದೆ, ಅದರೊಂದಿಗೆ ನೆರವೂ ತಡವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ 5.7 ಕೋಟಿ ಜನರಿಗೆ ಡಿಮೆನ್ಷಿಯಾ ಇತ್ತು. ಅವರಲ್ಲಿ ಶೇ 60ಕ್ಕಿಂತ ಹೆಚ್ಚಿನವರು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದರು. ಪ್ರತಿ ವರ್ಷ ಸುಮಾರು ಒಂದು ಕೋಟಿ ಹೊಸ ಪ್ರಕರಣಗಳು ಇದಕ್ಕೆ ಸೇರುತ್ತವೆ. ಇದನ್ನು ಪೂರ್ಣವಾಗಿ ಗುಣಪಡಿಸುವ ಚಿಕಿತ್ಸೆ ಇನ್ನೂ ಇಲ್ಲದ ಕಾರಣ, ರೋಗನಿರ್ಣಯದ ನಂತರದ ವರ್ಷಗಳು ಹೇಗೆ ಕಳೆಯುತ್ತವೆ ಎಂಬುದು ಬಹುಮಟ್ಟಿಗೆ ಸುತ್ತಲಿನ ಜನರನ್ನೇ ಅವಲಂಬಿಸಿರುತ್ತದೆ.

ಆ ಜನರಲ್ಲಿ ಮೊದಲಿಗರು ಮನೆಯವರು. ಹೆಂಡತಿ, ಗಂಡ, ಮಗಳು, ಸೊಸೆ, ಮಗ ಇವರಲ್ಲಿ ಯಾರೋ ಒಬ್ಬರು ಸಂಬಳವಿಲ್ಲದೆ, ತರಬೇತಿಯಿಲ್ಲದೆ, ರಜೆಯೂ ಇಲ್ಲದೆ ಆರೈಕೆಯ ಹೊಣೆ ಹೊರುತ್ತಾರೆ. ಇವರು ದಿನಕ್ಕೆ ಸರಾಸರಿ 5 ಗಂಟೆಗಳನ್ನು ಆರೈಕೆ ಮತ್ತು ಮೇಲ್ವಿಚಾರಣೆಗೆ ಕೊಡುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಟ್ಟು ಆರೈಕೆಯ ಗಂಟೆಗಳಲ್ಲಿ ಶೇ 70ರಷ್ಟು ಮಹಿಳೆಯರದು. 2019ರಲ್ಲಿ ಡಿಮೆನ್ಷಿಯಾದಿಂದ ಜಗತ್ತಿಗೆ ಬಿದ್ದ ಆರ್ಥಿಕ ಹೊರೆಯನ್ನು 1.3 ಲಕ್ಷ ಕೋಟಿ ಡಾಲರ್ ಎಂದು ಅಂದಾಜಿಸಲಾಗಿದೆ, ಅದರಲ್ಲಿ ಸುಮಾರು ಅರ್ಧದಷ್ಟು ಇಂಥ ಸಂಬಳವಿಲ್ಲದ ಆರೈಕೆಯ ಮೌಲ್ಯ. ಯಾವ ರಸೀದಿಯೂ ಇಲ್ಲದ ಈ ಅರ್ಧವನ್ನು ಮನೆಯವರೇ ತಮ್ಮ ನಿದ್ರೆ, ಆರೋಗ್ಯ ಮತ್ತು ದುಡಿಮೆಯಿಂದ ಭರಿಸುತ್ತಿದ್ದಾರೆ.

ಈ ಆರೈಕೆ ಬೇರೆ ದೀರ್ಘಕಾಲದ ಕಾಯಿಲೆಗಳ ಆರೈಕೆಯಂತಲ್ಲ. ಉಣಿಸುವುದು, ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು ಇವು ಕಣ್ಣಿಗೆ ಕಾಣುವ ಕೆಲಸಗಳು. ಕಾಣದಿರುವುದು ಎಡೆಬಿಡದ ಎಚ್ಚರ. ಇಳಿಹೊತ್ತಿನಲ್ಲಿ ಚಡಪಡಿಕೆ ಹೆಚ್ಚುವುದು ಡಿಮೆನ್ಷಿಯಾದಲ್ಲಿ ಸಾಮಾನ್ಯ. ಬೆಳಕು ಕುಗ್ಗುತ್ತಿದ್ದಂತೆ ತಾನಿರುವುದು ತನ್ನ ಮನೆಯಲ್ಲ ಎಂದು ವ್ಯಕ್ತಿಗೆ ಅನ್ನಿಸತೊಡಗುತ್ತದೆ, ‘ಮನೆಗೆ ಹೋಗೋಣ, ಅಮ್ಮ ಕಾಯುತ್ತಿರುತ್ತಾಳೆ’ ಎಂದು ಬಾಗಿಲ ಬಳಿ ಹೋಗಿ ನಿಲ್ಲುತ್ತಾರೆ. ಇದೇ ನಿಮ್ಮ ಮನೆ, ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಯಿತು ಎಂದು ತಿದ್ದಿದರೆ ಆ ಸಾವಿನ ಸುದ್ದಿಯನ್ನು ಅವರು ಆ ಗಳಿಗೆಯಲ್ಲಿ ಮೊದಲ ಬಾರಿ ಕೇಳಿದಂತೆ ಅಳುತ್ತಾರೆ. ಹತ್ತು ನಿಮಿಷದ ನಂತರ ಅಳು ಮರೆತು ಮತ್ತೆ ಅದೇ ಪ್ರಶ್ನೆ. ‘ಅಮ್ಮ ಏನು ಅಡುಗೆ ಮಾಡುತ್ತಿದ್ದರು?’ ಎಂದು ಕೇಳಿ, ಮಾತನ್ನು ಅತ್ತ ತಿರುಗಿಸಿ, ದೀಪ ಹಾಕಿ, ಕೈ ಹಿಡಿದು ಒಂದು ಸುತ್ತು ನಡೆದು ಬಂದರೆ ಆ ಹೊತ್ತು ಕಳೆಯುತ್ತದೆ ಎಂಬುದನ್ನು ಹೆಚ್ಚಿನ ಕುಟುಂಬಗಳು ಯಾರ ಮಾರ್ಗದರ್ಶನವೂ ಇಲ್ಲದೆ, ಬಹಳ ನೊಂದ ಮೇಲೆ, ತಾವೇ ಕಂಡುಕೊಳ್ಳುತ್ತವೆ. ಅದೇ ವ್ಯಕ್ತಿ ರಾತ್ರಿ ಮತ್ತೆ ಏಳಬಹುದು, ಆದ್ದರಿಂದ ಆರೈಕೆದಾರರ ನಿದ್ರೆ ಯಾವಾಗಲೂ ಅರೆನಿದ್ರೆ. ಇದಕ್ಕೆ ದುಃಖವೂ ಸೇರುತ್ತದೆ. ಎದುರಿಗೇ ಇರುವ ವ್ಯಕ್ತಿ ಸ್ವಲ್ಪ ಸ್ವಲ್ಪವಾಗಿ ದೂರವಾಗುತ್ತಿರುವ ಈ ಸಂಕಟವನ್ನು ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ‘ಅಸ್ಪಷ್ಟ ನಷ್ಟ’ ಎಂದು ಕರೆದರು. ಸಾವಿನ ನಷ್ಟಕ್ಕೆ ಸಮಾಜದಲ್ಲಿ ಆಚರಣೆಗಳಿವೆ, ಸಾಂತ್ವನ ಹೇಳುವ ರೂಢಿಯಿದೆ. ಈ ನಷ್ಟಕ್ಕೆ ಅವು ಯಾವುವೂ ಇಲ್ಲ.

ಹೀಗಾಗಿ ಸಮುದಾಯ ಬೆಂಬಲದ ತಿರುಳು ಗಂಟೆಗಳ ಹಂಚಿಕೆ ಎಂದು ನಾನು ಭಾವಿಸುತ್ತೇನೆ. ಒಬ್ಬರ ಹೆಗಲ ಮೇಲಿರುವ ಗಂಟೆಗಳಲ್ಲಿ ಕೆಲವನ್ನಾದರೂ ಬೇರೆಯವರು, ನಂಬಬಹುದಾದ ರೀತಿಯಲ್ಲಿ, ನಿಗದಿತ ದಿನಗಳಲ್ಲಿ ತಮ್ಮ ಮೇಲೆ ತೆಗೆದುಕೊಳ್ಳುವುದು. ‘ಏನಾದರೂ ಬೇಕಿದ್ದರೆ ಹೇಳಿ’ ಎಂಬ ಮಾತಿನಲ್ಲಿ ಪ್ರೀತಿಯಿದೆ, ಆದರೆ ಕೇಳುವ ಹೊರೆಯನ್ನೂ ಅದು ದಣಿದವರ ಮೇಲೆಯೇ ಹಾಕುತ್ತದೆ. ‘ಪ್ರತಿ ಗುರುವಾರ ಮೂರರಿಂದ ಐದರವರೆಗೆ ನಾನು ಬಂದು ಕೂರುತ್ತೇನೆ’ ಎಂಬುದು ಬೆಂಬಲ. ಆರೈಕೆ ಕ್ಷೇತ್ರದಲ್ಲಿ ಇದನ್ನು ವಿರಾಮ ಆರೈಕೆ ಅಥವಾ ರೆಸ್ಪೈಟ್ ಕೇರ್ ಎನ್ನುತ್ತಾರೆ. ಅದು ಮನೆಗೆ ಬರುವ ಸ್ವಯಂಸೇವಕರ ರೂಪದಲ್ಲಿರಬಹುದು, ಹಗಲು ಆರೈಕೆ ಕೇಂದ್ರವಾಗಿರಬಹುದು, ಕೆಲವು ದಿನಗಳ ಮಟ್ಟಿನ ವಸತಿ ಆರೈಕೆಯೂ ಆಗಬಹುದು. ಇದನ್ನು ಆರಂಭಿಸುವ ಕ್ರಮದಲ್ಲಿ ತಾಳ್ಮೆ ಬೇಕು. ಹೊಸಬರನ್ನು ಮೊದಲ ದಿನವೇ ಬಿಟ್ಟು ಹೊರಟರೆ ವ್ಯಕ್ತಿಗೆ ಗಾಬರಿಯಾಗುತ್ತದೆ, ಮನೆಯವರಿಗೆ ‘ಇದು ನಮಗೆ ಆಗದು’ ಎನ್ನಿಸಿಬಿಡುತ್ತದೆ. ಮೊದಲ ಕೆಲವು ಭೇಟಿಗಳಲ್ಲಿ ಮನೆಯವರೂ ಜೊತೆಗಿದ್ದು, ಒಗೆದ ಬಟ್ಟೆ ಮಡಚುವುದೋ ಹಳೆಯ ಫೋಟೊ ಆಲ್ಬಂ ನೋಡುವುದೋ ಇಂಥ ಕೈಗೊಗ್ಗಿದ ಕೆಲಸವೊಂದನ್ನು ಮೂವರೂ ಸೇರಿ ಮಾಡಿ, ಹೊಸ ಮುಖ ಪರಿಚಿತವಾದ ಮೇಲೆ ಮನೆಯವರು ಮೊದಲು ಪಕ್ಕದ ಕೋಣೆಗೆ, ಆಮೇಲೆ ಹೊರಗೆ ಹೋಗುವುದು ಒಳ್ಳೆಯದು. ಹೆಸರು ನೆನಪಿರದಿದ್ದರೂ ಒಬ್ಬರ ಇರವಿನ ಹಿತ ನೆನಪಿನಲ್ಲಿ ಉಳಿಯಬಲ್ಲದು.

ಗಂಟೆಗಳ ಜೊತೆಗೆ ಹಂಚಿಕೊಳ್ಳಬೇಕಾದದ್ದು ತಿಳಿವಳಿಕೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೇರಿ ಮಿಟ್ಟಲ್‌ಮನ್ ಮತ್ತು ಸಂಗಡಿಗರು ಆಲ್‌ಝೈಮರ್ ಇರುವವರನ್ನು ನೋಡಿಕೊಳ್ಳುತ್ತಿದ್ದ 406 ಗಂಡ ಅಥವಾ ಹೆಂಡತಿಯರನ್ನು ಹಲವು ವರ್ಷ ಅನುಸರಿಸಿ ನಡೆಸಿದ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಆರೈಕೆದಾರರಿಗೆ ವೈಯಕ್ತಿಕವಾಗಿಯೂ ಕುಟುಂಬದ ಇತರರೊಂದಿಗೂ ಒಟ್ಟು ಆರು ಸಮಾಲೋಚನೆಗಳು, ನಂತರ ಬೆಂಬಲ ಗುಂಪಿನ ಸಭೆಗಳು, ಬೇಕೆನಿಸಿದಾಗ ದೂರವಾಣಿಯಲ್ಲಿ ಸಲಹೆ ದೊರೆತವು. ಈ ಗುಂಪಿನವರ ಸಂಗಾತಿಗಳು ಆರೈಕೆ ಗೃಹಕ್ಕೆ ಸೇರುವುದು ಇನ್ನೊಂದು ಗುಂಪಿಗಿಂತ 557 ದಿನ ತಡವಾಯಿತು ಎಂದು ಅಧ್ಯಯನದ ಲೆಕ್ಕ ತೋರಿಸಿತು. ಅಂದರೆ, ಒಂದೂವರೆ ವರ್ಷ ಹೆಚ್ಚು ಕಾಲ ತಮ್ಮ ಮನೆಯಲ್ಲಿ. ಇಲ್ಲಿ ಔಷಧ ಬದಲಾಗಲಿಲ್ಲ. ನೋಡಿಕೊಳ್ಳುವವರಿಗೆ ಮಾತಾಡಲು ಜನ ಸಿಕ್ಕರು, ಕುಟುಂಬದ ಇತರರು ತಮ್ಮ ಪಾಲಿನ ಹೊಣೆ ಅರಿತರು. ಆರೈಕೆದಾರರಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯೇ ‘ಐಸಪೋರ್ಟ್’ ಎಂಬ ಆನ್‌ಲೈನ್ ತರಬೇತಿಯನ್ನು ರೂಪಿಸಿದೆ. ಅದು ಉಪಯುಕ್ತ, ಆದರೂ ಪರದೆಯ ಮೇಲಿನ ಪಾಠ ಎದುರಿಗೆ ಕುಳಿತು ಕೇಳುವ ಇನ್ನೊಬ್ಬ ಆರೈಕೆದಾರರ ಜಾಗವನ್ನು ಪೂರ್ತಿ ತುಂಬಲಾರದು.

ಇಂಥ ಭೇಟಿಗೆ ಒಂದು ಸ್ಥಳ ಬೇಕು. ನೆದರ್‌ಲ್ಯಾಂಡ್ಸ್‌ನ ಮನಶ್ಶಾಸ್ತ್ರಜ್ಞ ಬೇರೆ ಮೀಸೆನ್ 1997ರಲ್ಲಿ ಲೈಡನ್ ನಗರದಲ್ಲಿ ಆರಂಭಿಸಿದ ‘ಆಲ್‌ಝೈಮರ್ ಕೆಫೆ’ ಈ ಬಗೆಯ ಪ್ರಯತ್ನಗಳಲ್ಲಿ ಹೆಸರುವಾಸಿಯಾದುದು. ಡಿಮೆನ್ಷಿಯಾ ಇರುವವರು, ಅವರ ಮನೆಯವರು, ವೈದ್ಯಕೀಯ ಕ್ಷೇತ್ರದವರು ತಿಂಗಳಿಗೊಮ್ಮೆ ಒಂದೆಡೆ ಸೇರುತ್ತಾರೆ. ಕಾಫಿ, ಒಂದು ಚಿಕ್ಕ ಉಪನ್ಯಾಸ ಅಥವಾ ಸಂದರ್ಶನ, ವಿರಾಮ, ಪ್ರಶ್ನೋತ್ತರ, ಮತ್ತೆ ಹರಟೆ. ಕಾಯಿಲೆಯ ಹೆಸರನ್ನು ರೋಗಿಯ ಎದುರಿಗೆ ಎತ್ತಲೇಬಾರದು ಎಂಬ ಅಲಿಖಿತ ನಿಯಮವನ್ನು ಈ ಕೂಟ ಮುರಿಯಿತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1993ರಿಂದ ನಡೆದುಬಂದ ಭೇಟಿ ಕೇಂದ್ರಗಳು ಇದಕ್ಕಿಂತ ಮುಂದೆ ಹೋಗಿ, ಡಿಮೆನ್ಷಿಯಾ ಇರುವವರಿಗೆ ವಾರದಲ್ಲಿ ಹಲವು ದಿನ ಚಟುವಟಿಕೆಗಳನ್ನೂ ಆರೈಕೆದಾರರಿಗೆ ಮಾಹಿತಿ ಸಭೆಗಳನ್ನೂ ಒಂದೇ ಸೂರಿನಡಿ ಒದಗಿಸಿದವು. ಎರಡರಲ್ಲಿಯೂ ನನಗೆ ಮುಖ್ಯವಾಗಿ ಕಾಣುವುದು ಇಷ್ಟು: ಇಬ್ಬರೂ ಜೊತೆಯಾಗಿ ಬರಬಹುದು. ಒಬ್ಬರನ್ನು ಯಾರ ಬಳಿ ಬಿಟ್ಟು ಬರಲಿ ಎಂಬ ಚಿಂತೆಯಿಂದಲೇ ಬೆಂಬಲ ಸಭೆಗಳಿಗೆ ಹೋಗಲಾಗದ ಕುಟುಂಬಗಳು ಬಹಳ.

ಸಮುದಾಯ ಎಂದಾಗ ಕಾಯಿಲೆಯೊಂದಿಗೆ ನೇರ ಸಂಬಂಧವಿಲ್ಲದವರೂ ಅದರಲ್ಲಿ ಬರುತ್ತಾರೆ: ಅಂಗಡಿಯವರು, ಬಸ್ ನಿರ್ವಾಹಕರು, ಬ್ಯಾಂಕ್ ಸಿಬ್ಬಂದಿ, ಪೊಲೀಸರು, ಶಾಲಾ ಮಕ್ಕಳು. ಜಪಾನ್ 2005ರಲ್ಲಿ ಇಂಥವರಿಗಾಗಿಯೇ ಡಿಮೆನ್ಷಿಯಾ ಬೆಂಬಲಿಗರ ಅಭಿಯಾನವನ್ನು ಆರಂಭಿಸಿತು. ಸುಮಾರು 90 ನಿಮಿಷಗಳ ತರಬೇತಿ ಪಡೆದವರಿಗೆ ಕಿತ್ತಳೆ ಬಣ್ಣದ ಕೈಪಟ್ಟಿ ಕೊಡುತ್ತಾರೆ; ತರಬೇತಿ ಪಡೆದವರ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಅದರಿಂದ ಪ್ರೇರಿತವಾಗಿ ಬ್ರಿಟನ್ನಿನ ಆಲ್‌ಝೈಮರ್ಸ್ ಸೊಸೈಟಿ 2013ರಲ್ಲಿ ‘ಡಿಮೆನ್ಷಿಯಾ ಗೆಳೆಯರು’ ಎಂಬ ಕಾರ್ಯಕ್ರಮ ಆರಂಭಿಸಿತು. ತರಬೇತಿ ಪಡೆದವರು ತಜ್ಞರಾಗಬೇಕಿಲ್ಲ. ಅಂಗಡಿಯ ಕಟ್ಟೆಯ ಎದುರು ಹಿರಿಯರೊಬ್ಬರು ಚಿಲ್ಲರೆಯನ್ನು ಅಂಗೈಯಲ್ಲಿ ಹರಡಿಕೊಂಡು ಎಣಿಸಲಾಗದೆ ನಿಂತಿದ್ದಾರೆ, ಹಿಂದೆ ಸಾಲು ಬೆಳೆಯುತ್ತಿದೆ ಎಂದುಕೊಳ್ಳೋಣ. ‘ಬೇಗ ಕೊಡಿ’ ಎನ್ನುವುದರ ಬದಲು ಅಂಗಡಿಯವರು ಅವರ ಮುಖ ನೋಡಿ, ‘ಅವಸರವಿಲ್ಲ, ನಾನು ಎಣಿಸಿಕೊಡಲೇ?’ ಎಂದು ಕೇಳಿ, ಪ್ರತಿ ನಾಣ್ಯವನ್ನೂ ತೋರಿಸಿ ತೆಗೆದುಕೊಂಡರೆ ಆ ಹಿರಿಯರು ನಾಳೆಯೂ ಅಂಗಡಿಗೆ ಬರುತ್ತಾರೆ. ಪಕ್ಕದಲ್ಲಿದ್ದ ಮಗಳನ್ನು ‘ಇವರಿಗೆ ಏನು ಬೇಕಂತೆ?’ ಎಂದು ಕೇಳಿದರೆ ಬಹುಶಃ ಬರುವುದಿಲ್ಲ. ಮಗಳೂ ಅವರನ್ನು ಕರೆತರಲು ಹಿಂಜರಿಯುತ್ತಾಳೆ, ಮತ್ತು ಆ ಹಿಂಜರಿಕೆಯಿಂದ ಇಬ್ಬರೂ ನಾಲ್ಕು ಗೋಡೆಗಳ ನಡುವೆ ಉಳಿದುಬಿಡುತ್ತಾರೆ.

ಮನೆಯಿಂದ ಹೊರಟು ದಾರಿ ತಪ್ಪುವುದು ಕುಟುಂಬಗಳ ದೊಡ್ಡ ಭಯ. ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ‘ಹರ್ಬರ್ಟ್ ಪ್ರೋಟೋಕಾಲ್’ ಒಂದು ಸರಳ ನಮೂನೆ: ವ್ಯಕ್ತಿಯ ಫೋಟೊ, ಚಹರೆ, ಔಷಧಗಳು, ಹಿಂದೆ ವಾಸವಿದ್ದ ವಿಳಾಸಗಳು, ಕೆಲಸ ಮಾಡಿದ ಸ್ಥಳಗಳು, ಹೋಗಲು ಇಷ್ಟಪಡುವ ಜಾಗಗಳು ಇವನ್ನು ಮನೆಯವರು ಮೊದಲೇ ಬರೆದಿಟ್ಟು, ಅಗತ್ಯ ಬಿದ್ದಾಗ ಪೊಲೀಸರಿಗೆ ಕೊಡುತ್ತಾರೆ. ಡಿಮೆನ್ಷಿಯಾ ಇದ್ದ ಜಾರ್ಜ್ ಹರ್ಬರ್ಟ್ ಎಂಬ ಮಾಜಿ ಸೈನಿಕರು ತಮ್ಮ ಬಾಲ್ಯದ ಮನೆಯನ್ನು ಹುಡುಕಿಕೊಂಡು ಹೊರಟು ಮೃತಪಟ್ಟ ಕಾರಣ ಅದಕ್ಕೆ ಅವರ ಹೆಸರಿದೆ. ಹಳೆಯ ವಿಳಾಸಗಳನ್ನು ಕೇಳುವುದರ ಹಿನ್ನೆಲೆಯೂ ಇದರಿಂದ ತಿಳಿಯುತ್ತದೆ. ಇಂಥ ಹಾಳೆಯೊಂದನ್ನು ಯಾವ ಕುಟುಂಬವೂ ಇಂದೇ ಬರೆದಿಡಬಹುದು.

ಈ ಪರಿಕಲ್ಪನೆಗೆ ವೈಚಾರಿಕ ನೆಲೆಯನ್ನು ಒದಗಿಸಿದವರಲ್ಲಿ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಟಾಮ್ ಕಿಟ್‌ವುಡ್ ಪ್ರಮುಖರು. ಡಿಮೆನ್ಷಿಯಾ ಇರುವ ವ್ಯಕ್ತಿಯ ಸ್ಥಿತಿಯನ್ನು ಮಿದುಳಿನ ಹಾನಿ ಮಾತ್ರ ನಿರ್ಧರಿಸುವುದಿಲ್ಲ, ಸುತ್ತಲಿನವರು ನಡೆದುಕೊಳ್ಳುವ ರೀತಿಯೂ ಅದರಲ್ಲಿ ಪಾಲು ಪಡೆಯುತ್ತದೆ ಎಂದು ಅವರು ವಾದಿಸಿದರು. ಮಗುವಿನಂತೆ ಕಾಣುವುದು, ಎದುರಿಗಿದ್ದಾಗಲೇ ಇಲ್ಲದವರಂತೆ ಮಾತಾಡುವುದು, ಮಾಡಬಲ್ಲ ಕೆಲಸವನ್ನೂ ಕೈಯಿಂದ ಕಿತ್ತುಕೊಳ್ಳುವುದು ಇವೆಲ್ಲ ಕೆಟ್ಟ ಉದ್ದೇಶವಿಲ್ಲದೆಯೂ ವ್ಯಕ್ತಿತ್ವವನ್ನು ಸವೆಸುತ್ತವೆ. ಸ್ಕಾಟ್ಲೆಂಡಿನಲ್ಲಿ 2002ರಲ್ಲಿ ರೂಪುಗೊಂಡ ಡಿಮೆನ್ಷಿಯಾ ಕಾರ್ಯತಂಡದಲ್ಲಿ ಸದಸ್ಯರೆಲ್ಲರೂ ಸ್ವತಃ ಡಿಮೆನ್ಷಿಯಾ ಇರುವವರೇ. ತಮ್ಮ ಬಗೆಗಿನ ನೀತಿಗಳನ್ನು ರೂಪಿಸುವಾಗ ತಮ್ಮನ್ನು ಕೇಳಬೇಕೆಂದು ಅವರು ಒತ್ತಾಯಿಸಿದರು. ಆರಂಭದ ಹಂತದಲ್ಲಿರುವವರು ತಮಗೇನು ಬೇಕೆಂದು ಸ್ಪಷ್ಟವಾಗಿ ಹೇಳಬಲ್ಲರು. ಆಗ ಕೇಳಿ ತಿಳಿದಿಟ್ಟುಕೊಂಡ ಇಷ್ಟಾನಿಷ್ಟಗಳು ಮುಂದೆ ಮಾತು ಕಡಿಮೆಯಾದಾಗ ಆರೈಕೆದಾರರಿಗೆ ದಾರಿ ತೋರುತ್ತವೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ‘ಸಮುದಾಯ ನೋಡಿಕೊಳ್ಳುತ್ತದೆ’ ಎಂಬ ಮಾತು ಸರ್ಕಾರಗಳ ಹೊಣೆಯನ್ನು ಕಳಚಿಹಾಕುವ ದಾರಿಯಾಗಬಾರದು, ಏಕೆಂದರೆ ಕೊನೆಗೆ ಆ ಸಮುದಾಯ ಎಂದರೆ ಮನೆಯ ಒಬ್ಬ ಹೆಣ್ಣುಮಗಳು ಎಂದೇ ಆಗಿಬಿಡುವ ಅಪಾಯವಿದೆ. ಸ್ವಯಂಸೇವಕರು ವೈದ್ಯರ, ದಾದಿಯರ ಕೆಲಸವನ್ನು ಮಾಡಲಾರರು. ರೋಗನಿರ್ಣಯದ ಸೌಲಭ್ಯ, ತರಬೇತಾದ ಸಿಬ್ಬಂದಿ, ಹಗಲು ಆರೈಕೆ ಕೇಂದ್ರಗಳಿಗೆ ಹಣ, ಕೆಲಸ ಬಿಡಬೇಕಾಗಿ ಬಂದ ಆರೈಕೆದಾರರಿಗೆ ಆರ್ಥಿಕ ರಕ್ಷಣೆ ಇವು ಸಾರ್ವಜನಿಕ ಜವಾಬ್ದಾರಿಗಳು. ವಿಶ್ವ ಆರೋಗ್ಯ ಸಭೆ 2017ರಲ್ಲಿ ಅಂಗೀಕರಿಸಿದ ಜಾಗತಿಕ ಕ್ರಿಯಾ ಯೋಜನೆ ಜನಜಾಗೃತಿಯನ್ನೂ ಆರೈಕೆದಾರರ ಬೆಂಬಲವನ್ನೂ ತನ್ನ ಏಳು ಕಾರ್ಯಕ್ಷೇತ್ರಗಳಲ್ಲಿ ಸೇರಿಸಿ, ಅವನ್ನು ದೇಶಗಳ ನೀತಿಯ ಭಾಗವೆಂದೇ ಪರಿಗಣಿಸಿದೆ.

ಬೆಂಬಲ ಕೇಳುವುದಕ್ಕೆ ಸರಿಯಾದ ಸಮಯ ಯಾವುದು ಎಂದು ಕುಟುಂಬಗಳು ಕೇಳುತ್ತವೆ. ರೋಗನಿರ್ಣಯವಾದ ಆರಂಭದಲ್ಲಿಯೇ, ಕೈಲಾಗುತ್ತಿರುವಾಗಲೇ. ಆಗ ಬಂದ ಸ್ವಯಂಸೇವಕರನ್ನು ವ್ಯಕ್ತಿ ತನ್ನ ಗೆಳೆಯರೆಂದು ಒಪ್ಪಿಕೊಳ್ಳಬಲ್ಲರು. ಬಿಕ್ಕಟ್ಟಿನ ನಡುವೆ ಬಂದವರು ಅವರಿಗೆ ಅಪರಿಚಿತರಾಗಿಯೇ ಉಳಿಯಬಹುದು. ಹಣಕಾಸು ಮತ್ತು ಕಾನೂನಿನ ವಿಷಯಗಳಲ್ಲಿ ಅವರ ಅಭಿಪ್ರಾಯ ದಾಖಲಿಸುವುದೂ ಆಗಲೇ ಆಗಬೇಕು. ಇನ್ನೊಂದು ತುದಿಯಲ್ಲಿ, ವ್ಯಕ್ತಿ ತೀರಿಕೊಂಡ ಮೇಲೆ ಬೆಂಬಲ ಸಾಮಾನ್ಯವಾಗಿ ನಿಂತುಹೋಗುತ್ತದೆ. ಆದರೆ ವರ್ಷಗಟ್ಟಲೆ ಇನ್ನೊಬ್ಬರ ದಿನಚರಿಯೇ ತನ್ನ ದಿನಚರಿಯಾಗಿದ್ದ ಆರೈಕೆದಾರರಿಗೆ ಕೆಲಸ, ಗೆಳೆತನ, ಆರೋಗ್ಯ ಎಲ್ಲವನ್ನೂ ಮತ್ತೆ ಕಟ್ಟಿಕೊಳ್ಳಬೇಕಾಗಿರುತ್ತದೆ. ಅದಕ್ಕಾಗಿ ಒಳ್ಳೆಯ ಬೆಂಬಲ ಗುಂಪುಗಳು ಅವರನ್ನು ಸದಸ್ಯರನ್ನಾಗಿಯೇ ಉಳಿಸಿಕೊಳ್ಳುತ್ತವೆ, ಮತ್ತು ಹೊಸದಾಗಿ ಬಂದ ಕುಟುಂಬಗಳೊಂದಿಗೆ ಮೊದಲ ಮಾತು ಆಡುವವರು ಹೆಚ್ಚಾಗಿ ಅವರೇ ಆಗಿರುತ್ತಾರೆ.